ಮೇಣದ ಮೇಲಿನ ಮೇಳ

ಈಚೆಗೆ ತಂತಿವಾದ್ಯಗಳ ಬಗ್ಗೆ ಒಂದು ಇಂಗ್ಲಿಷ್ ಬರಹವನ್ನು ಅನುವಾದಿಸುವಾಗ 'ಫಿಂಗರ್‌ಬೋರ್ಡ್' ಎಂಬಲ್ಲಿ ತಡವರಿಸಿದೆ. ಪಿಟೀಲಿನ ಮಾತಾಗಿದ್ದರೆ 'ಬೆರಳುಹಲಗೆ' ಎಂದು ಬರೆದು ಮುಂದೆ ಹೋಗುತ್ತಿದ್ದೆ. ಅಲ್ಲಿದ್ದದ್ದು ನಮ್ಮ ವೀಣೆ. ವೀಣೆಯಲ್ಲಿ ಬೆರಳು ಹಲಗೆಯನ್ನು ಮುಟ್ಟುವುದೇ ಇಲ್ಲ. ದಂಡಿಯ ಎರಡೂ ಅಂಚಿಗೆ ಮೇಣದ ದಿಣ್ಣೆ, ಅವುಗಳ ಮೇಲೆ ಅಡ್ಡಲಾಗಿ 24 ಲೋಹದ ಮೆಟ್ಟಿಲು, ಸ್ಥಾಯಿಗೆ 12ರಂತೆ. ಇವನ್ನು ಕೂರಿಸುವುದಕ್ಕೆ 'ಮೇಳ ಕಟ್ಟುವುದು' ಎನ್ನುತ್ತಾರೆ.

ಮೇಣಕ್ಕೆ ಇದ್ದಿಲ ಪುಡಿ ಬೆರೆಸಿ, ಬಿಸಿ ಮಾಡಿ, ನಾದಿ ದಿಣ್ಣೆ ಕಟ್ಟುತ್ತಾರೆ. ಮೆಟ್ಟಿಲನ್ನು ಅದರಲ್ಲಿ ಒತ್ತಿ, ತಂತಿ ಮೀಟಿ, ಕಿವಿ ಒಪ್ಪುವವರೆಗೆ ಕೂದಲೆಳೆಯಷ್ಟು ಆಚೀಚೆ ಸರಿಸಬೇಕು. ಒಂದು ತಂತಿಗೆ ಸರಿಹೋದದ್ದು ಪಕ್ಕದ್ದಕ್ಕೆ ತಪ್ಪಬಹುದು. ಆಗ ಮೆಟ್ಟಿಲು ತುಸು ಓರೆಯಾಗುತ್ತದೆ. ಯಾವುದಾದರೂ ಒಂದು ಎತ್ತರವಾಯಿತೋ, ಅದರ ಹಿಂದಿನ ಮೆಟ್ಟಿಲಲ್ಲಿ ಒತ್ತಿದ ತಂತಿ ಇದಕ್ಕೆ ತಾಗಿ ಜರ್ರೆನ್ನುತ್ತದೆ.

'ಮೇಳ' ಎಂದರೆ ಕೂಡುವುದು. ಯಕ್ಷಗಾನದ ಮೇಳವೂ ಅದೇ. ಆದರೆ 72 ಮೇಳಕರ್ತ ಎನ್ನುವಾಗಿನ ಮೇಳ? ಅದು ಈ ಮೇಣದ ದಿಣ್ಣೆಯಿಂದಲೇ ಎದ್ದು ಬಂದದ್ದೆಂದು ನನಗನ್ನಿಸುತ್ತದೆ. ವಿಜಯನಗರದ ಅಳಿಯ ರಾಮರಾಯನ ಕಾಲದಲ್ಲಿ, 1550ರಲ್ಲಿ, ರಾಮಾಮಾತ್ಯ ಬರೆದ 'ಸ್ವರಮೇಳಕಲಾನಿಧಿ'ಯ ಅಧ್ಯಾಯಗಳ ಸರದಿ ನೋಡಿ: ಪೀಠಿಕೆ, ಸ್ವರ, ವೀಣೆ, ಮೇಳ, ರಾಗ. ಮೊದಲು ವೀಣೆ, ಆಮೇಲೆ ಮೇಳ. ವೀಣೆಯ ಪ್ರಕರಣದಲ್ಲಿ ಬರುವ ಒಂದು ಬಗೆಗೆ ಅಚ್ಯುತದೇವರಾಯನದೇ ಹೆಸರು: ಅಚ್ಯುತರಾಜಮೇಳ ವೀಣೆ. ಇಲ್ಲಿ ಮೇಳವೆಂದರೆ ರಾಗಗಳ ಗುಂಪಲ್ಲ, ತಂತಿ-ಮೆಟ್ಟಿಲುಗಳ ಹೊಂದಾಣಿಕೆ. ಒಂದೇ ರಾಗಕ್ಕೆ ಹೊಂದಿಸಿದ್ದು ಏಕರಾಗಮೇಳ, ಎಲ್ಲ ರಾಗಕ್ಕೂ ಒದಗುವಂಥದ್ದು ಸರ್ವರಾಗಮೇಳ.

ಮುಂದಿನ ಶತಮಾನದಲ್ಲಿ ತಂಜಾವೂರಿನ ನಾಯಕರ ಆಸ್ಥಾನದಲ್ಲಿ ವೆಂಕಟಮಖಿ 'ಚತುರ್ದಂಡಿಪ್ರಕಾಶಿಕೆ' ಬರೆದ. ಕನ್ನಡ ಮನೆತನದ ಗೋವಿಂದ ದೀಕ್ಷಿತರ ಮಗ. ರಾಮಾಮಾತ್ಯನನ್ನು ಸಾಕಷ್ಟು ಖಾರವಾಗಿಯೇ ಝಾಡಿಸುತ್ತಾನೆ. ಆದರೂ ಅವನ ಗ್ರಂಥ ಶುರುವಾಗುವುದೇ ವೀಣಾಪ್ರಕರಣದಿಂದ. 72 ಮೇಳಗಳ ಲೆಕ್ಕ ಬರುವುದು ಆಮೇಲೆ. ಸ್ಥಾಯಿಗೆ ಹನ್ನೆರಡು ಮನೆ ಕಣ್ಣೆದುರು ನಿಂತಿರುವಾಗ ಅವುಗಳಿಂದ ಏಳೇಳನ್ನು ಆರಿಸುವ ಲೆಕ್ಕ ಹೊಳೆಯುವುದು ಸಹಜವಲ್ಲವೇ?

ದೆಹಲಿಯ ಬೇಸಿಗೆಯಲ್ಲಿ ಅಮ್ಮನ ವೀಣೆಯ ಮೇಣ ಮೆತ್ತಗಾಗಿ ಎರಡು ಮೆಟ್ಟಿಲು ವಾಲಿದವು. ಇಲ್ಲಿ ಮೇಳ ಕಟ್ಟುವವರು ನಮಗೆ ಸಿಗಲಿಲ್ಲ. ರೈಲಿನಲ್ಲಿ ಮೈಸೂರಿಗೆ ಒಯ್ದು ಹೊಸದಾಗಿ ಕಟ್ಟಿಸಿದೆವು. ಎಲ್ಲ ನೇರವಾಗಿದೆ. ಅಮ್ಮ ಮಾತ್ರ ಗಾಂಧಾರ ಮೀಟಿದಾಗಲೆಲ್ಲ, "ಇದು ನನ್ನ ಗಾಂಧಾರ ಅಲ್ಲ ಕಣೇ" ಅನ್ನುತ್ತಾಳೆ. ಅನುವಾದದಲ್ಲಿ ನಾನು 'ಮೇಳ' ಎಂದೇ ಬರೆದೆ.