ಅಂಟಿಕೊಂಡ ಟೆಂಟಿನ ಪುರಾಣ

ಕಳೆದ ವರ್ಷ ದಸರಾ ಮುಗಿದ ವಾರ ಅಪ್ಪ ಫೋನ್ ಮಾಡಿದ್ರು. "ಕೊನೆ ಕೊಯ್ಲು ಶುರುವಾಗ್ತದೆ. ಬರುವಾಗ ನಿನ್ನ ಆ ಟೆಂಟ್ ತಗಂಡು ಬಾ ಮಾರಾಯ, ರಾತ್ರಿ ಅಂಗಳದಲ್ಲಿ ಮಲಗಕ್ಕಾಗ್ತದೆ."

ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಬೇಯಿಸಿದ ಅಡಿಕೆ ಒಣಗಿ ಮೂಟೆ ಸೇರುವವರೆಗೂ ಮನೆಯಲ್ಲಿ ಯಾರಾದ್ರೂ ಒಬ್ಬರು ಅಂಗಳದಲ್ಲೇ ಮಲಗಬೇಕು. ರೇಟು ಏರಿದಷ್ಟೂ ಕಳ್ಳರಿಗೆ ನಿದ್ದೆ ಕಮ್ಮಿ. ಕಾಯುವ ಕೆಲಸ ಎಪ್ಪತ್ತು ದಾಟಿದ ಅಪ್ಪನದೇ, ಯಾಕಂದ್ರೆ ಕಾಯಬೇಕಾದ ಮಗ ಬೆಂಗಳೂರಲ್ಲಿ ಕೂತು ಯಾರದೋ ಸರ್ವರ್ ಕಾಯ್ತಿದಾನೆ. ಅದರ ಹಿಂದಿನ ವರ್ಷ ಅಕಾಲ ಮಳೆಗೆ ನೆನೆದು ಹದಿನೈದು ದಿನ ಕೆಮ್ಮಿದ್ರು. ಅಪ್ಪ ತಾವಾಗಿ ನನ್ನ ಹತ್ರ ಏನನ್ನೂ ಕೇಳಿದವರಲ್ಲ. ಕೇಳಿದ್ದು ಇದೊಂದೇ.

ಅಟ್ಟದ ಮೇಲಿಂದ ಟೆಂಟಿನ ಚೀಲ ಇಳಿಸಿ ಬಿಚ್ಚಿದೆ. ಹುಳಿ ಮಜ್ಜಿಗೆಗೆ ಹಳೇ ಸಾಕ್ಸ್ ಅದ್ದಿಟ್ಟಂಥ ವಾಸನೆ! ಮಡಿಕೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಎಳೆದರೆ ಹಲಸಿನ ಮೇಣದ ಹಾಗೆ ಪರಪರ ಅಂತ ಬಿಡುತ್ತಿದ್ದವು. ಒಳಮೈ ತುಂಬ ಬಿಳಿ ಹೊಟ್ಟು. ಹೊಲಿಗೆಯ ಮೇಲಿನ ಟೇಪು ಹಾವಿನ ಪೊರೆಯಂತೆ ಸುಲಿದು ಕೈಗೆ ಬಂತು. ಆಮೇಲೆ ನೆನಪಾಯ್ತು. ಕೊನೇ ಸಲ ಕುಮಾರ ಪರ್ವತಕ್ಕೆ ಹೋಗಿ ಬಂದಾಗ ಸೋಮವಾರ ಬೆಳಿಗ್ಗೆ ರಿಲೀಸ್ ಇತ್ತು ಅಂತ ಒದ್ದೆ ಟೆಂಟನ್ನೇ ಸುತ್ತಿ ಚೀಲಕ್ಕೆ ತುಂಬಿದ್ದೆ. ಆ ರಿಲೀಸ್ ಏನಾಯ್ತೋ ನೆನಪಿಲ್ಲ. ಟೆಂಟ್ ಏನಾಯ್ತು ಅನ್ನೋದು ಕಣ್ಣೆದುರೇ ಇತ್ತು.

ಈ ಕಾಯಿಲೆಯನ್ನ ನೀವೂ ನೋಡಿರ್ತೀರಿ. ಒಂದೇ ಮದುವೆಗೆ ಹಾಕಿ ಬೀರುವಿನಲ್ಲಿಟ್ಟ ಜಾಕೆಟ್ಟು ಸಿಪ್ಪೆ ಸಿಪ್ಪೆಯಾಗಿ ಉದುರುತ್ತೆ. ಡಬ್ಬದಲ್ಲಿ ಜೋಪಾನವಾಗಿಟ್ಟ ಶೂ ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟರೆ ಸೋಲ್ ಪುಡಿಪುಡಿ. "ಡೂಪ್ಲಿಕೇಟ್ ಮಾಲು" ಅಂತ ಅಂಗಡಿಯವನನ್ನ ಬೈತೀವಿ. ಆದರೆ ಇದಕ್ಕೆ ಇನ್ನೂರು ವರ್ಷದ ಇತಿಹಾಸ ಇದೆ.

ಕತೆ ಶುರುವಾಗೋದು ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ. ಕಲ್ಲಿದ್ದಲಿನಿಂದ ದೀಪದ ಗ್ಯಾಸ್ ತೆಗೆಯುವಾಗ ಉಳಿಯುವ ಟಾರಿನಿಂದ ನಾಫ್ತಾ ಅನ್ನೋ ದ್ರವ ಸಿಗುತ್ತೆ. ಅದರಲ್ಲಿ ರಬ್ಬರು ಕರಗುತ್ತೆ ಅಂತ 1818ರಲ್ಲೇ ಜೇಮ್ಸ್ ಸೈಮ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ಹೇಳಿದ್ದ. ಅವನು ಮುಂದೆ ದೊಡ್ಡ ಸರ್ಜನ್ ಆದ, ಪೇಟೆಂಟಿನ ಗೋಜಿಗೆ ಹೋಗಲಿಲ್ಲ. ಹೋದವನು ಚಾರ್ಲ್ಸ್ ಮ್ಯಾಕಿಂತೋಷ್, 1823ರಲ್ಲಿ. ಎರಡು ಪದರ ಬಟ್ಟೆಯ ನಡುವೆ ರಬ್ಬರಿನ ಪಾಕ ಹಚ್ಚಿ ಒತ್ತಿದ, ಒಬ್ಬಟ್ಟಿಗೆ ಹೂರಣ ಇಟ್ಟ ಹಾಗೆ. ಇಂಗ್ಲೆಂಡಿನಲ್ಲಿ ಇವತ್ತಿಗೂ ಮಳೆಕೋಟಿಗೆ ಅವನ ಹೆಸರೇ.

ಹೆಸರು ಉಳಿಯಿತು, ಕೋಟು ಉಳಿಯಲಿಲ್ಲ. ಚಳಿಗೆ ಹಪ್ಪಳದಂತೆ ಸೆಟೆಯುತ್ತಿತ್ತು, ಬಿಸಿಲಿಗೆ ಅಂಟಂಟಾಗುತ್ತಿತ್ತು. ನಾತ ಬೇರೆ. ದರ್ಜಿಗಳು ಹೊಲಿದ ಸೂಜಿ ತೂತುಗಳಲ್ಲೇ ನೀರು ಇಳಿಯುತ್ತಿತ್ತು. ಇನ್ನೊಂದು ತಮಾಷೆ ಅಂದ್ರೆ, ಉಣ್ಣೆ ಬಟ್ಟೆಗೆ ಈ ರಬ್ಬರು ಹಚ್ಚಿದರೆ ಉಣ್ಣೆಯ ಸಹಜ ಜಿಡ್ಡೇ ಅದನ್ನ ಹಾಳು ಮಾಡುತ್ತಿತ್ತು. ಇದನ್ನ ಓದಿದಾಗ ನಂಗೆ ಅಜ್ಜನ ಕಂಬಳಿ ಕೊಪ್ಪೆ ನೆನಪಾಯ್ತು. ಮಲೆನಾಡಿನ ಮಳೇಲಿ ಗದ್ದೆ ಕೆಲಸ ಮಾಡಿದವರು ನಂಬಿದ್ದು ಅದೇ ಜಿಡ್ಡನ್ನ. ಕುರಿಯ ಮೈಗೆ ನೀರು ಬೇಗ ಇಳಿಯದಂತೆ ತಡೆಯೋದು, ಕಂಬಳಿಯ ಮೇಲೆ ಹನಿ ಜಾರಿಸೋದು ಅದೇ. ಬಿಸಿಲೇ ಕಾಣದ ಗ್ಲಾಸ್ಗೋದಲ್ಲಿ ಬಿಸಿಲಿಗೆ ಅಂಟುವ ಕೋಟು ಹೇಗೋ ನಡೆದುಹೋಯ್ತು.

ಅಮೆರಿಕದಲ್ಲಿ ನಡೆಯಲಿಲ್ಲ. 1830ರ ದಶಕದಲ್ಲಿ ಅಲ್ಲಿ ರಬ್ಬರಿನ ಹುಚ್ಚು ಎದ್ದಿತ್ತು, ನಮ್ಮ ಸ್ಟಾರ್ಟಪ್ ಹುಚ್ಚಿನ ಹಾಗೇ. ರಾಕ್ಸ್‌ಬರಿಯ ಕಂಪನಿ ತಯಾರಿಸಿದ ಶೂ, ಕೋಟುಗಳು ಚಳಿಗಾಲದಲ್ಲಿ ಭರ್ಜರಿಯಾಗಿ ಮಾರಾಟವಾಗಿ ಬೇಸಿಗೆಯಲ್ಲಿ ಕರಗಿ ವಾಪಸ್ ಬಂದವು. ನಾತ ತಡೆಯಲಾರದೆ ಗುಂಡಿ ತೋಡಿ ಹೂತರಂತೆ. ಈ ಹೊತ್ತಿಗೇ ರಬ್ಬರಿನ ಹಿಂದೆ ಬಿದ್ದವನು ಚಾರ್ಲ್ಸ್ ಗುಡ್‌ಇಯರ್. ದಿವಾಳಿಯಾಗಿ ಸಾಲಕ್ಕೆ ಜೈಲು ಕಂಡವನು. ಒಮ್ಮೆ ಸರ್ಕಾರದಿಂದ ಅಂಚೆ ಚೀಲಗಳ ಆರ್ಡರ್ ಸಿಕ್ಕಿತು. ಮಾಡಿ ನೇತುಹಾಕಿದ ಚೀಲಗಳು ಸೆಖೆಗೆ ಜೋತುಬಿದ್ದು ಹಾಳಾದವು. 1839ರಲ್ಲಿ ಗಂಧಕ ಬೆರೆಸಿದ ರಬ್ಬರು ಬಿಸಿ ಒಲೆಗೆ ತಾಗಿದಾಗ ಕರಗುವ ಬದಲು ಚರ್ಮದಂತೆ ಗಟ್ಟಿಯಾಯಿತು. ಗಂಧಕ ರಬ್ಬರಿನ ಉದ್ದುದ್ದ ಅಣುಗಳ ನಡುವೆ ಅಡ್ಡಪಟ್ಟಿ ಹೊಡೆಯುತ್ತೆ, ಚಪ್ಪರದ ಗಳಗಳಿಗೆ ಅಡ್ಡಗಳ ಕಟ್ಟಿದ ಹಾಗೆ. ಆಮೇಲೆ ಸೆಖೆಗೂ ಜಗ್ಗಲ್ಲ. ಅವನು 1844ರಲ್ಲಿ ಅಮೆರಿಕದ ಪೇಟೆಂಟ್ ಪಡೆಯುವ ಹೊತ್ತಿಗೆ, ಅವನ ಸ್ಯಾಂಪಲ್ ನೋಡಿದ್ದ ಥಾಮಸ್ ಹ್ಯಾನ್‌ಕಾಕ್ ಇಂಗ್ಲೆಂಡಿನಲ್ಲಿ ಮೊದಲೇ ಅರ್ಜಿ ಹಾಕಿಯಾಗಿತ್ತು. ಈ ಹ್ಯಾನ್‌ಕಾಕ್ ಯಾರು ಅಂದ್ರೆ, ಮ್ಯಾಕಿಂತೋಷ್‌ನ ವ್ಯಾಪಾರದ ಪಾಲುದಾರ! ಗುಡ್‌ಇಯರ್ 1860ರಲ್ಲಿ ಸಾಲದಲ್ಲೇ ಸತ್ತ. ಟೈರಿನ ಕಂಪನಿ 1898ರಲ್ಲಿ ಬೇರೆಯವರು ಶುರು ಮಾಡಿದ್ದು, ಹೆಸರು ಮಾತ್ರ ಅವನದು.

ಇಷ್ಟೆಲ್ಲ ಆಗುವಾಗಲೂ ಹಡಗಿನವರು, ಗಾಡಿಯವರು ತಮ್ಮ ಪಾಡಿಗೆ ಹಳೇ ದಾರಿಯಲ್ಲೇ ಇದ್ದರು. ಕ್ಯಾನ್ವಾಸಿಗೆ ಟಾರು ಬಳಿಯೋದು, ಅಗಸೆ ಎಣ್ಣೆ ಹಚ್ಚೋದು. ಟಾರು ಬಳಿದ ಹೊದಿಕೆ ಅನ್ನೋ ಇಂಗ್ಲಿಷ್ ಮಾತೇ ಟಾರ್ಪಾಲಿನ್ ಆಗಿ, ನಮ್ಮಲ್ಲಿಗೆ ಬಂದು ತಾಡಪಾಲು ಆಯ್ತು. ಅವರಿಗೆ ಗೊತ್ತಿದ್ದ ಒಂದು ವಿಷಯ ನಮಗೆ ಮರೆತಿದೆ: ಹಚ್ಚಿದ್ದು ಹೋಗುತ್ತೆ, ಮತ್ತೆ ಹಚ್ಚಬೇಕು. ಅಡಿಕೆ ಬೆಳೆಗಾರರಿಗಂತೂ ಇದು ಪಾಠವೇ ಅಲ್ಲ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಸುಮಾರು ನೂರು ವರ್ಷದ ಹಿಂದೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಮಳೆಗೆ ತೊಳೆದು ಹೋಗದಿರಲಿ ಅಂತ ಅದಕ್ಕೆ ರಾಳ ಸೇರಿಸ್ತಾರೆ. ಆದರೂ ಒಂದೇ ಮಳೆಗಾಲದಲ್ಲಿ ಎರಡು ಸಲ, ಕೆಲವೊಮ್ಮೆ ಮೂರು ಸಲ ಮದ್ದು ಹೊಡೀಲೇಬೇಕು. "ಹೋದ ವರ್ಷ ಹೊಡೆದಿದ್ದೆನಲ್ಲ" ಅಂತ ಯಾರೂ ಸುಮ್ಮನೆ ಕೂರಲ್ಲ.

ನನ್ನ ಟೆಂಟಿನ ವಂಶ ಬೇರೆ. 1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಆಟೋ ಬಾಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ಕಂಡುಹಿಡಿದರು. ಇವತ್ತಿನ ಹಗುರ ಟೆಂಟುಗಳ ಬಟ್ಟೆ ನೈಲಾನೋ ಪಾಲಿಯೆಸ್ಟರೋ ಆಗಿರುತ್ತೆ, ಅದು ಬರೀ ಜರಡಿ. ಮಳೆ ತಡೆಯೋದು ಒಳಮೈಗೆ ಹಚ್ಚಿದ ಪಾಲಿಯುರೆಥೇನಿನ ತೆಳು ಪದರ. ಟೆಂಟಿನ ಮೇಲೆ 3000 ಎಂಎಂ ಅಂತ ಬರೆದಿದ್ದರೆ, ಮೂರು ಮೀಟರ್ ಎತ್ತರದ ನೀರು ಮೇಲೆ ನಿಂತರೂ ಇಳಿಯಲ್ಲ ಅಂತ ಅರ್ಥ. ಹೊಸದರಲ್ಲಿ.

ಅಗ್ಗದ ಪಾಲಿಯುರೆಥೇನಿನಲ್ಲಿ ಎಸ್ಟರ್ ಕೊಂಡಿಗಳಿರುತ್ತವೆ. ತೇವ ಸಿಕ್ಕರೆ ನೀರಿನ ಅಣು ನಿಧಾನಕ್ಕೆ ಆ ಕೊಂಡಿ ಕತ್ತರಿಸುತ್ತೆ. ಇದಕ್ಕೆ ಜಲವಿಭಜನೆ ಅಂತಾರೆ. ಕತ್ತರಿಸಿದ ಜಾಗದಲ್ಲಿ ಆಮ್ಲ ಹುಟ್ಟುತ್ತೆ, ಆ ಆಮ್ಲ ಮುಂದಿನ ಕೊಂಡಿ ಇನ್ನೂ ಬೇಗ ಕತ್ತರಿಸೋದಕ್ಕೆ ಸಹಾಯ ಮಾಡುತ್ತೆ. ಸೆಖೆ ಇದ್ದರೆ ಕೇಳೋದೇ ಬೇಡ. ನೀರು ತಡೆಯಲಿಕ್ಕೆ ಹಚ್ಚಿದ್ದನ್ನ ನೀರೇ ತಿನ್ನುತ್ತೆ. ಬಳಸಿದರೆ ಸವೆಯುತ್ತೆ ಅಂತ ಜೋಪಾನ ಮಾಡಿದ್ದು ಅಟ್ಟದ ಮೇಲೆ, ಒದ್ದೆಯಲ್ಲಿ, ಕತ್ತಲಲ್ಲಿ ತನ್ನಷ್ಟಕ್ಕೆ ಸಾಯ್ತಿತ್ತು.

ಹೊಸದು ತಗೊಳ್ಳಬಹುದಿತ್ತು, ಒಂದು ಕ್ಲಿಕ್ ಅಷ್ಟೆ. ಹೆಂಡತಿಯೂ ಅದನ್ನೇ ಹೇಳಿದಳು. ಆದರೆ ತಪ್ಪು ನಂದು ಅಂತ ಗೊತ್ತಾದ ಮೇಲೆ ಕಾರ್ಡ್ ಉಜ್ಜೋದು ಯಾಕೋ ಸರಿ ಅನ್ನಿಸಲಿಲ್ಲ.

ಹಳೇ ಪದರದ ಮೇಲೆ ಹೊಸದು ಬಳಿಯೋದು ಪ್ರಯೋಜನವಿಲ್ಲ, ಕೊಳೆತದ್ದರ ಜೊತೆ ಅದೂ ಎದ್ದು ಬರುತ್ತೆ. ಸರ್ಕ್ಯೂಟ್ ಬೋರ್ಡ್ ತೊಳೆಯಲು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್ ಎಸ್.ಪಿ. ರೋಡಿನಿಂದ ಐದು ಲೀಟರ್ ತಂದೆ. ಮೊದಲು ಅಂಗೈಯಗಲ ಜಾಗದಲ್ಲಿ ಪರೀಕ್ಷೆ ಮಾಡಿ, ಆಮೇಲೆ ಎರಡು ಭಾನುವಾರ ಟೆರೇಸಿನಲ್ಲಿ ಕೂತು ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿದೆ. ಒಳಗೆ ಮಾಡಬೇಡಿ, ತಲೆ ತಿರುಗುತ್ತೆ, ಬೆಂಕಿಯ ಭಯವೂ ಇದೆ. ಬೂದು ಬಣ್ಣದ ಲೋಳೆ ಬಂತು, ಸೋಪು ನೀರಲ್ಲಿ ತೊಳೆದೆ, ಮತ್ತೆ ಬಂತು, ಮತ್ತೆ ತೊಳೆದೆ. ಕೊನೆಗೆ ಉಳಿದದ್ದು ಸೊಳ್ಳೆಪರದೆಗಿಂತ ಸ್ವಲ್ಪ ದಪ್ಪದ ಬಟ್ಟೆ.

ಮುಂದಿನದು ಸಿಲಿಕೋನ್. ಕಿಟಕಿ ಗಾಜಿಗೆ ಹಾಕುವ ಪಾರದರ್ಶಕ ಸಿಲಿಕೋನನ್ನ ಪೇಂಟ್ ಅಂಗಡಿಯ ಟರ್ಪೆಂಟೈನಿನಲ್ಲಿ ನೀರು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಬ್ರಶ್ಶಿನಲ್ಲಿ ತೆಳ್ಳಗೆ ಎಳೆಯೋದು. ಸಿಲಿಕೋನು ಪಾಲಿಯುರೆಥೇನಿನ ಹಾಗೆ ತೇವಕ್ಕೆ ಕೊಳೆಯಲ್ಲ. ಆದರೆ ಒಮ್ಮೆ ಹಚ್ಚಿದರೆ ಅದರ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ನಿಲ್ಲಲ್ಲ, ಹಿಂದೆ ಹೋಗುವ ದಾರಿ ಇಲ್ಲ. ಟೇಪು ಅಂಟಲ್ಲ, ಹಾಗಾಗಿ ಹೊಲಿಗೆಗಳಿಗೂ ಅದನ್ನೇ ಗಟ್ಟಿಯಾಗಿ ಕಲಸಿ ಒಂದೊಂದಾಗಿ ಮೆತ್ತಿದೆ. ಟೆರೇಸೆಲ್ಲ ವಿನೆಗರ್ ವಾಸನೆ. ಕೆಳಗಿನ ಮನೆಯವರು ಉಪ್ಪಿನಕಾಯಿ ಹಾಕ್ತಿದೀರಾ ಅಂತ ಕೇಳಿದ್ರು.

ದೀಪಾವಳಿಗೆ ಊರಿಗೆ ಹೋಗಿ ಅಂಗಳದ ಮೂಲೆಯಲ್ಲಿ ಟೆಂಟು ನಿಲ್ಲಿಸಿದೆ. ಅಪ್ಪ ಸುತ್ತ ಒಂದು ಸಲ ಬಂದು ಬಟ್ಟೆಗೆ ಬೆರಳು ಒತ್ತಿ ನೋಡಿದ್ರು, ಏನೂ ಹೇಳಲಿಲ್ಲ. ಮೂರನೇ ರಾತ್ರಿ ಎರಡು ಗಂಟೆಗೆ ಮಳೆ ಬಂತು. ಇಬ್ಬರೂ ಓಡಾಡಿ ಅಡಿಕೆಗೆ ತಾಡಪಾಲು ಎಳೆದು, ಒದ್ದೆ ತಲೆಯಲ್ಲೇ ಟೆಂಟಿನೊಳಗೆ ನುಗ್ಗಿದೆವು. ಟಾರ್ಚ್ ಬಿಟ್ಟು ಮೇಲೆ ನೋಡ್ತಾ ಕೂತೆ. ಒಂದು ಮೂಲೆಯ ಹೊಲಿಗೆಯಲ್ಲಿ ಮಾತ್ರ ಹನಿ ಕಟ್ಟಿ, ಜಾರಿ, ತಪ್ ಅಂತ ಬಿತ್ತು. ಅಪ್ಪ ಕುಡಿಯುವ ನೀರಿನ ಚೊಂಬನ್ನ ಆ ಮೂಲೆಗೆ ಸರಿಸಿ ಕಂಬಳಿ ಹೊದ್ದು ಮಲಗಿದ್ರು.

ಬೆಳಿಗ್ಗೆ ಕಾಫಿ ಕುಡಿಯುವಾಗ ಹಚ್ಚಿದ್ದೇನು, ಹೇಗೆ ಕಲಸಿದ್ದು ಅಂತೆಲ್ಲ ಕೇಳಿದ್ರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಳಿದದ್ದು ಇದ್ರೆ ಬಿಸಾಡಬೇಡ. ಆ ಡಬ್ಬಿ ಮುಂದಿನ ಸಲ ಇಲ್ಲಿಗೆ ತಗಂಡು ಬಾ, ಬೇಸಿಗೇಲಿ ನಾನೇ ಇನ್ನೊಂದು ಕೈ ಎಳೀತೀನಿ" ಅಂದ್ರು.