ತಾಳೆಯಾಗದ ಒಂದು ಭಾಗಾಕಾರ

ಗಣಕಯಂತ್ರ ಹೇಳಿತೆಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಬ್ಯಾಂಕುಗಳಲ್ಲಿ ದುಡಿದು, ಸಂಜೆ ಲೆಡ್ಜರಿನ ಎರಡು ಬದಿ ತಾಳೆಯಾಗುವವರೆಗೆ ಮನೆಯ ದಾರಿ ಹಿಡಿಯಲಾಗದಿದ್ದ ಹಿರಿಯರು ನಮ್ಮ ನಡುವೆ ಅನೇಕರಿದ್ದಾರೆ. ಯಂತ್ರವನ್ನೇ ತಾಳೆ ನೋಡಿದ ಪ್ರಾಧ್ಯಾಪಕರೊಬ್ಬರ ಈ ಕಥೆ ಅವರಿಗೆ ಎಲ್ಲರಿಗಿಂತ ಬೇಗ ರುಚಿಸೀತು.

ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಮೇಷ್ಟರಿದ್ದರು. ಅವಳಿ ಅವಿಭಾಜ್ಯ ಸಂಖ್ಯೆಗಳ ಬೆನ್ನು ಹತ್ತಿದ್ದರು. 11 ಮತ್ತು 13, 17 ಮತ್ತು 19, ಹೀಗೆ ಎರಡರ ಅಂತರದಲ್ಲಿ ನಿಂತ ಜೋಡಿಗಳು. ಇವುಗಳ ವ್ಯುತ್ಕ್ರಮಗಳನ್ನು, ಅಂದರೆ 1/11, 1/13 ಇತ್ಯಾದಿಗಳನ್ನು, ಕೂಡುತ್ತ ಹೋದರೆ ಮೊತ್ತ ಒಂದು ಮಿತಿಯನ್ನು ದಾಟುವುದಿಲ್ಲವೆಂದು ನಾರ್ವೆಯ ವಿಗೊ ಬ್ರುನ್ 1919ರಲ್ಲಿ ಸಾಧಿಸಿದ್ದರು. ಆ ಮಿತಿ ಸುಮಾರು 1.902. ಇದರ ಮುಂದಿನ ಅಂಕಿಗಳಿಗಾಗಿ ನೈಸ್ಲಿಯವರು ಹಲವು ಗಣಕಗಳನ್ನು ಹಗಲಿರುಳು ದುಡಿಸುತ್ತಿದ್ದರು. ಇದರಿಂದ ಯಾರಿಗೇನು ಲಾಭ ಎಂದು ಕೇಳುವವರಿಗೆ ನಮ್ಮಲ್ಲಿ ಉತ್ತರವಿಲ್ಲ. ಗಣಿತಜ್ಞರ ಹುಚ್ಚು ಗಣಿತಜ್ಞರಿಗೇ ಪ್ರೀತಿ.

1994ರ ಮಾರ್ಚಿಯಲ್ಲಿ ಈ ಬಳಗಕ್ಕೆ ಇಂಟೆಲ್ ಕಂಪನಿಯ ಹೊಸ ಪೆಂಟಿಯಮ್ ಚಿಪ್ಪಿನ ಯಂತ್ರವೊಂದು ಸೇರಿತು. ಜೂನ್ ಹೊತ್ತಿಗೆ ಲೆಕ್ಕ ಹೊಂದದಾಯಿತು. ಮೇಷ್ಟರು ಮೊದಲು ಅನುಮಾನಿಸಿದ್ದು ತಾವು ಬರೆದ ಪ್ರೋಗ್ರಾಮನ್ನು, ನಂತರ ಅದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರನ್ನು, ನಂತರ ಯಂತ್ರದ ಇತರ ಭಾಗಗಳನ್ನು. ಒಂದೊಂದನ್ನೇ ಬದಲಿಸಿ, ಒಂದೊಂದನ್ನೇ ನಿರ್ದೋಷಿಯೆಂದು ಬಿಡುಗಡೆ ಮಾಡುತ್ತ ಬರುವುದರಲ್ಲಿ ನಾಲ್ಕು ತಿಂಗಳು ಕಳೆದವು. ಹಳೆಯ 486 ಯಂತ್ರದಲ್ಲಿ ಉತ್ತರ ಸರಿ, ಪೆಂಟಿಯಮ್‌ನಲ್ಲಿ ತಪ್ಪು. ಅದೇ ಪೆಂಟಿಯಮ್‌ನ ದಶಮಾಂಶ ಗಣಿತದ ಘಟಕವನ್ನು ಮುಚ್ಚಿಟ್ಟು ನಡೆಸಿದರೆ ಮತ್ತೆ ಸರಿ! ಕಳ್ಳ ಅಡಗಿದ್ದ ಕೋಣೆ ಗೊತ್ತಾಯಿತು. 1ನ್ನು 824633702441ರಿಂದ ಭಾಗಿಸಿದಾಗ ಮೊದಲ ಒಂಬತ್ತು ಅಂಕಿಗಳು ಸರಿ ಬಂದು, ಹತ್ತನೆಯದರಿಂದ ಲೆಕ್ಕ ದಾರಿ ತಪ್ಪುತ್ತಿತ್ತು.

ಅಕ್ಟೋಬರ್ 24ರಂದು ಕಂಪನಿಗೆ ತಿಳಿಸಿದರು. ತೃಪ್ತಿಕರ ಉತ್ತರ ದೊರೆಯಲಿಲ್ಲ. 30ರಂದು ಪರಿಚಿತರಿಗೂ ಕೆಲವು ಸಂಸ್ಥೆಗಳಿಗೂ ಪತ್ರ ಬರೆದರು. ಆ ಪತ್ರದಲ್ಲಿ ಆಕ್ರೋಶವಿರಲಿಲ್ಲ. ಯಾವ ಸಂಖ್ಯೆ, ಬರಬೇಕಾದ ಉತ್ತರವೇನು, ಬಂದದ್ದೇನು, ನಿಮ್ಮ ಯಂತ್ರದಲ್ಲಿ ನೀವೇ ಪರೀಕ್ಷಿಸುವುದು ಹೇಗೆ, ಇಷ್ಟೇ. ದೂರು ಬರೆಯುವುದರಲ್ಲಿ ನಾವು ಸಾಕಷ್ಟು ನಿಪುಣರಾದರೂ ಹೀಗೆ ಬರೆಯುವವರು ನಮ್ಮಲ್ಲಿ ವಿರಳ. ಪತ್ರ ಓದಿದವರು ಪರೀಕ್ಷಿಸಿದರು, ತಪ್ಪು ಎಲ್ಲರಿಗೂ ಕಂಡಿತು. ಕ್ಯಾಲಿಫೋರ್ನಿಯಾದ ಇಂಜಿನಿಯರ್ ಟಿಮ್ ಕೋ ಇನ್ನೂ ದೊಡ್ಡ ತಪ್ಪನ್ನು ಹುಡುಕಿ ಕೊಟ್ಟರು: 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ಬಂದದ್ದು 1.33373. ಶಾಲೆಯ ಹುಡುಗನೂ ಕಾಗದದ ಮೇಲೆ ಮಾಡಬಹುದಾದ ಲೆಕ್ಕ!

ತಪ್ಪಿನ ಮೂಲ ತಿಳಿದರೆ ನಗು ಬರುತ್ತದೆ. ದೀರ್ಘ ಭಾಗಾಕಾರ ಮಾಡುವಾಗ 'ಎಷ್ಟು ಸಲ ಹೋಗುತ್ತದೆ' ಎಂದು ನಾವು ಮಗ್ಗಿ ನೆನೆದು ಊಹಿಸುತ್ತೇವಲ್ಲವೆ? ಆ ಚಿಪ್ಪಿನಲ್ಲಿಯೂ ಊಹೆಗೆಂದೇ ಒಂದು ಕೋಷ್ಟಕವಿತ್ತು. ಅದರಲ್ಲಿ ಐದು ಮನೆಗಳಲ್ಲಿ 2 ಇರಬೇಕಾದ ಕಡೆ ಸೊನ್ನೆ ಉಳಿದುಬಿಟ್ಟಿತ್ತು. ಲೆಕ್ಕ ಆ ಮನೆಗೆ ಬಂದಾಗ ಮಾತ್ರ ಎಡವುತ್ತಿತ್ತು; ಅದು ಬಲು ಅಪರೂಪವಾದ್ದರಿಂದ ಯಾರಿಗೂ ಬೇಗ ಕಾಣಲಿಲ್ಲ.

ಕಂಪನಿಯವರಿಗೆ ಈ ದೋಷ ಆ ವರ್ಷದ ಬೇಸಿಗೆಯಲ್ಲಿಯೇ ಗೊತ್ತಿತ್ತೆಂಬುದು ಹೊರಬಿತ್ತು. ಸಾಮಾನ್ಯ ಬಳಕೆದಾರನಿಗೆ ಇದು 27,000 ವರ್ಷಕ್ಕೊಮ್ಮೆ ಎದುರಾದೀತೆಂದು ಅವರ ಸಮಾಧಾನ. ಐಬಿಎಂನವರ ಲೆಕ್ಕದಲ್ಲಿ 24 ದಿನಕ್ಕೊಮ್ಮೆ! ಸತ್ಯ ಎಲ್ಲಿಯೋ ನಡುವೆ ಇದ್ದಿರಬೇಕು. ಐಬಿಎಂ ಪೈಪೋಟಿಯ ಚಿಪ್ಪು ತಯಾರಿಸುತ್ತಿದ್ದ ಕಂಪನಿಯೆಂಬುದನ್ನೂ ಮರೆಯುವಂತಿಲ್ಲ. ನಿಖರ ಲೆಕ್ಕದ ಅಗತ್ಯವಿದೆಯೆಂದು ತೋರಿಸಿಕೊಟ್ಟವರಿಗೆ ಮಾತ್ರ ಚಿಪ್ಪು ಬದಲಿಸುತ್ತೇವೆ ಎಂದದ್ದು ಜನರನ್ನು ಕೆರಳಿಸಿತು. ಹಣ ಕೊಟ್ಟು ಕೊಂಡವನು ತನ್ನ ಅಗತ್ಯವನ್ನು ಮಾರಿದವನ ಮುಂದೆ ರುಜುವಾತು ಮಾಡಬೇಕೆ?

ಈ ಗಲಾಟೆಯ ನಡುವೆ ವಿಜ್ಞಾನಿಗಳ ಕೆಲಸ ನಿಲ್ಲುವಂತಿರಲಿಲ್ಲ. ದತ್ತಾಂಶ ವಿಶ್ಲೇಷಣೆಗೆ ಅವರು ಬಳಸುತ್ತಿದ್ದ ಮ್ಯಾಟ್‌ಲ್ಯಾಬ್ ತಂತ್ರಾಂಶದ ಕರ್ತೃ ಕ್ಲೀವ್ ಮೋಲರ್, ಕೋ ಮೊದಲಾದವರೊಡನೆ ಸೇರಿ ಒಂದು ಉಪಾಯ ಹೂಡಿದರು. ಭಾಜಕ ಅಪಾಯದ ಗುಂಪಿನದಾದರೆ ಭಾಜ್ಯ, ಭಾಜಕ ಎರಡನ್ನೂ 15/16ರಿಂದ ಗುಣಿಸಿ ನಂತರ ಭಾಗಿಸುವುದು. ಭಾಗಲಬ್ಧ ಬದಲಾಗದು, ಲೆಕ್ಕ ಮಾತ್ರ ಕೆಟ್ಟ ಮನೆಗಳನ್ನು ತಪ್ಪಿಸಿಕೊಂಡು ಹೋಗುತ್ತದೆ. ರಸ್ತೆಯಲ್ಲಿ ಹೊಂಡವಿದ್ದರೆ ಬಳಸಿ ನಡೆದಂತೆ. ನಮಗೆ ಈ ಇಡೀ ಪ್ರಸಂಗದಲ್ಲಿ ಬಹಳ ಮೆಚ್ಚುಗೆಯಾದದ್ದು ಇದೇ.

ಕೊನೆಗೆ ಡಿಸೆಂಬರ್ 20ರಂದು ಇಂಟೆಲ್, ಕೇಳಿದವರಿಗೆಲ್ಲ ಚಿಪ್ಪನ್ನು ಪುಕ್ಕಟೆಯಾಗಿ ಬದಲಿಸಿಕೊಡಲು ಒಪ್ಪಿತು. ಅದಕ್ಕಾಗಿ ಲೆಕ್ಕದಲ್ಲಿ ತೋರಿಸಿದ ನಷ್ಟ 47 ಕೋಟಿ 50 ಲಕ್ಷ ಡಾಲರ್.

ನೈಸ್ಲಿ ಮೇಷ್ಟರು ತಮ್ಮ ಜೋಡಿಗಳ ಎಣಿಕೆಗೆ ಮರಳಿದರು. ಕೋಟಿಯ ಕೋಟಿಯವರೆಗಿನ ಸಂಖ್ಯೆಗಳಲ್ಲಿ ಅವಳಿಗಳು 135780321665 ಜೋಡಿ ಎಂದು ವರ್ಜೀನಿಯಾದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಪೆಂಟಿಯಮ್‌ನ ದೋಷದ ವಿಚಾರವೂ ಅದೇ ಲೇಖನದಲ್ಲಿ ಬಂದಿದೆ. ಅವರು 2019ರಲ್ಲಿ ತೀರಿಕೊಂಡರು.