ಆತ್ಮಕಥೆಯೊಳಗಿನ ಮನೆತನ

ಹಳಗನ್ನಡದ ಕವಿಗಳು ತಮ್ಮ ಬದುಕನ್ನು ಪುಸ್ತಕ ಮಾಡಿದವರಲ್ಲ. ಕಾವ್ಯದ ಮೊದಲಲ್ಲೋ ಕೊನೆಯಲ್ಲೋ ನಾಲ್ಕಾರು ಪದ್ಯಗಳಲ್ಲಿ ವಂಶ, ಗುರು, ಆಶ್ರಯದಾತ ಇಷ್ಟನ್ನು ಹೇಳಿ ಮುಗಿಸುತ್ತಿದ್ದರು. 10ನೇ ಶತಮಾನದ ಪಂಪ ಆ ಇಕ್ಕಟ್ಟಿನಲ್ಲೇ ಮನೆಯೊಳಗಿನ ಒಂದು ದೊಡ್ಡ ತಿರುವನ್ನು ಹೇಳಿಬಿಟ್ಟಿದ್ದಾನೆ. ವೆಂಗಿನಾಡಿನ ಅವನ ಪೂರ್ವಿಕ ಮಾಧವ ಸೋಮಯಾಜಿ ಯಜ್ಞಗಳಿಂದ ಹೆಸರಾದವನು; ತಂದೆ ಅಭಿರಾಮದೇವರಾಯ ವೈದಿಕ ದಾರಿ ಬಿಟ್ಟು ಜೈನನಾದವನು. ಹೋಮದ ಹೊಗೆ ಸೋಮಯಾಜಿಯ ಕೀರ್ತಿಯನ್ನೇ ಕಪ್ಪಾಗಿಸಿತು ಎನ್ನುವ ಪಂಪ, ತಂದೆಯ ಆಯ್ಕೆಯನ್ನು ಮನಸಾರೆ ಮೆಚ್ಚುತ್ತಾನೆ. ತಾಯಿಯ ವಿಷಯ ತಿಳಿಯಲು ಮಾತ್ರ ಕಲ್ಲನ್ನು ಓದಬೇಕು. ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದ ಬಳಿ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಆಕೆ ಅಬ್ಬಣಬ್ಬೆ, ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಶಾಸನ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಇದೆ.

12ನೇ ಶತಮಾನದ ವಚನಕಾರರಲ್ಲಿ 'ನಾನು' ಜೋರಾಗಿಯೇ ಕೇಳಿಸುತ್ತದೆ. ಆದರೆ ಅದು ಕೂಡಲಸಂಗಮದೇವನಿಗೋ ಚೆನ್ನಮಲ್ಲಿಕಾರ್ಜುನನಿಗೋ ಒಪ್ಪಿಸಿದ ಮಾತು. ಹುಟ್ಟಿನಿಂದ ಸಾಲಾಗಿ ಹೇಳಿದ ಬಾಳಿನ ಕಥೆಯಲ್ಲ. ಅಂಥ ಕಥನ ಬೇರೂರಿದ್ದು 20ನೇ ಶತಮಾನದಲ್ಲಿ.

ಶಿವರಾಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' 1948ರಲ್ಲಿ ಬಂತು. ಕಾರಂತರು ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟವರು, ಬೇರೆ ಜಾತಿಯ ಲೀಲಾ ಆಳ್ವರನ್ನು ಮದುವೆಯಾದವರು. ಅವರ ಪುಸ್ತಕದ ಜೀವಾಳ ವಂಶದ ಹಿರಿಮೆಯಲ್ಲ, ಒಂದಾದ ಮೇಲೊಂದರಂತೆ ಹಿಡಿದ ಹವ್ಯಾಸ ಮತ್ತು ಪ್ರಯೋಗಗಳು. ಮಾಸ್ತಿಯವರ 'ಭಾವ', ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' ಆಮೇಲೆ ಬಂದವು. ಇಷ್ಟಾದರೂ ಬರೆಯುತ್ತಿದ್ದವರು ಹೆಚ್ಚಿನಂಶ ಆಗಲೇ ಹೆಸರಾದ ಗಂಡಸರೇ.

1990ರ ದಶಕದಲ್ಲಿ ದಲಿತ ಲೇಖಕರು ಈ ಪ್ರಕಾರದ ನೆಲೆಯನ್ನೇ ಬದಲಿಸಿದರು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯನವರ 'ಊರು ಕೇರಿ' ಇವುಗಳಲ್ಲಿ ಮುಖ್ಯವಾದವು. 'ಊರು ಕೇರಿ'ಯ ಮೊದಲ ಪುಟಗಳಲ್ಲೇ ಹುಡುಗನೊಬ್ಬ ಹೊಲದ ಕಡೆ ನೋಡುತ್ತಾನೆ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗವಿದೆ, ಹಿಂದೆ ಇನ್ನೊಬ್ಬ ನೇಗಿಲು ಹಿಡಿದಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಆ ಹುಡುಗನ ಅಪ್ಪ. ಇಲ್ಲಿ ಮನೆತನವೆಂದರೆ ಬಿರುದುಗಳ ಪಟ್ಟಿಯಲ್ಲ, ಬಗ್ಗಿದ ಹೆಗಲು. ಇಷ್ಟಿದ್ದೂ ಸಿದ್ಧಲಿಂಗಯ್ಯನವರ ಬರವಣಿಗೆ ಗೋಳಿಗೆ ಜಾರುವುದಿಲ್ಲ. ಪುಟಪುಟದಲ್ಲೂ ನಗಿಸುತ್ತದೆ, ಆ ನಗುವೇ ಓದುಗನನ್ನು ಇರಿಯುತ್ತದೆ.

ಮಧ್ಯಮವರ್ಗದ ಮನೆಯ ಗುಟ್ಟು ಹೊರಬಿದ್ದದ್ದು 2011ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ'ದಲ್ಲಿ. ತಾಯಿ ಕೃಷ್ಣಾಬಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಕೈಗೂಸಿನೊಂದಿಗೆ ನರ್ಸಿಂಗ್ ಕಲಿತು, ಡಾ. ರಘುನಾಥ ಕಾರ್ನಾಡರನ್ನು ಮದುವೆಯಾದವರು. ವಿಧವಾ ವಿವಾಹ 1856ರಲ್ಲೇ ಕಾನೂನುಬದ್ಧವಾಗಿದ್ದರೂ ಸಾರಸ್ವತ ಸಮಾಜದಲ್ಲಿ ಅದು ಸಲೀಸಾಗಿರಲಿಲ್ಲ. ಗಿರೀಶರು ಹೊಟ್ಟೆಯಲ್ಲಿದ್ದಾಗ ಗರ್ಭ ತೆಗೆಸಲೆಂದು ದಂಪತಿ ಪುಣೆಯ ವೈದ್ಯೆ ಮಧುಮಾಲತಿ ಗುಣೆ ಅವರ ಚಿಕಿತ್ಸಾಲಯಕ್ಕೆ ಹೋಗಿದ್ದರು. ವೈದ್ಯೆ ಬರಲಿಲ್ಲ, ಕಾದು ಕಾದು ಇಬ್ಬರೂ ಮರಳಿದರು. ವರ್ಷಗಳ ಮೇಲೆ ಊಟದ ಹೊತ್ತಿನಲ್ಲಿ ತಾಯಿಯ ಬಾಯಿಂದ ಈ ಸಂಗತಿ ಹೊರಬಂತು. ಕಾರ್ನಾಡರು ಪುಸ್ತಕವನ್ನು ಅರ್ಪಿಸಿದ್ದು ಆ ವೈದ್ಯೆಗೇ.

ಕಾರ್ನಾಡರ ಭಾಷೆಯ ಆಯ್ಕೆಯೂ ಮನೆಯ ಒತ್ತಡದೊಂದಿಗೆ ಹೆಣೆದುಕೊಂಡಿದೆ. ಮನೆಮಾತು ಕೊಂಕಣಿ, ಕನಸು ಇಂಗ್ಲಿಷ್ ಕವಿಯಾಗುವುದು. ಆಕ್ಸ್‌ಫರ್ಡಿಗೆ ಹೊರಡುವ ಮುನ್ನ, ಹೆತ್ತವರ ನಿರೀಕ್ಷೆಗಳ ನಡುವೆ, ತಮಗೇ ಅಚ್ಚರಿಯಾಗುವಂತೆ ಅವರ ಕೈಯಿಂದ ಹೊರಬಂದದ್ದು ಕನ್ನಡ ನಾಟಕ: ತಂದೆಗೆ ಯೌವನ ಕೊಡುವ ಮಗನಿರುವ 'ಯಯಾತಿ'.

ಗಂಡಸರು ಹೇಳಿದ ಮನೆಯ ಕಥೆಗೆ ಇನ್ನೊಂದು ಮಗ್ಗುಲೂ ಸೇರಿತು. ಪಿ. ಲಂಕೇಶರ ಆತ್ಮಕಥೆ 'ಹುಳಿಮಾವಿನ ಮರ'ದ ನಂತರ ಪತ್ನಿ ಇಂದಿರಾ ಲಂಕೇಶ್ 'ಹುಳಿಮಾವು ಮತ್ತು ನಾನು' ಬರೆದರು. ಅದೇ ದಾಂಪತ್ಯ, ಬೇರೆ ಲೆಕ್ಕ.

ಹೆತ್ತವರು ಕೊಟ್ಟ ಗುರುತನ್ನೇ ಒಪ್ಪದ ಬದುಕಿಗೆ ಕನ್ನಡದಲ್ಲಿ ಜಾಗ ಸಿಕ್ಕಿದ್ದು ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ದುಡಿದ ಟ್ರಾನ್ಸ್‌ಜೆಂಡರ್ ಲೇಖಕಿ ಎ. ರೇವತಿಯವರಿಂದ. ಅವರ ಆತ್ಮಕಥೆಯನ್ನು ದು. ಸರಸ್ವತಿ 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿ ಊರೂರಿಗೆ ಒಯ್ದಿತು.